ಕೈಮುಗಿಯುವವರು ಬಾಡಿಗೆಗೆ ಮನೆ ಕೊಡುತ್ತಾರೆಯೇ?

ಮಾನ್ಯ ಸಂಪಾದಕರೇ,

ಲಿಂಗತ್ವ ಅಲ್ಪಸಂಖ್ಯಾತರನ್ನೂ ಸಲಿಂಗ ಪ್ರೇಮಿಗಳನ್ನೂ ಯಾವ ಸಮುದಾಯ ಹೆಚ್ಚು ಒಪ್ಪಿಕೊಳ್ಳುತ್ತದೆ, ಯಾವುದು ದೂರ ತಳ್ಳುತ್ತದೆ ಎಂಬ ಮಾತು ನಮ್ಮ ತುಮಕೂರಿನಲ್ಲಿ ಬಂದಾಗಲೆಲ್ಲ ಒಂದೇ ಉತ್ತರ ಕೇಳಿಬರುತ್ತದೆ. ಲಿಂಗಾಯತರನ್ನು ಕೇಳಿದರೂ, ಒಕ್ಕಲಿಗರನ್ನು ಕೇಳಿದರೂ, ಕುರುಬರು, ಬ್ರಾಹ್ಮಣರು, ಮುಸ್ಲಿಮರು, ಕ್ರೈಸ್ತರು ಯಾರನ್ನು ಕೇಳಿದರೂ "ನಮ್ಮವರಲ್ಲಿ ಇಂಥದ್ದೆಲ್ಲ ಇಲ್ಲ, ಇದು ಬೆಂಗಳೂರಿನಿಂದ ಬಂದದ್ದು" ಎನ್ನುತ್ತಾರೆ. ಪದವಿಪೂರ್ವ ಕಾಲೇಜಿನಲ್ಲಿ ಹಲವು ವರ್ಷ ಪಾಠ ಹೇಳಿ ನಿವೃತ್ತಳಾದ ನನಗೆ ಈ ಮಾತು ನಿಜವಲ್ಲವೆಂದು ಗೊತ್ತು. ಈ ಎಲ್ಲ ಮನೆಗಳ ಮಕ್ಕಳೂ ನನ್ನ ತರಗತಿಯಲ್ಲಿ ಕುಳಿತವರು. ಹೆತ್ತವರ ಮುಂದೆ ಬಾಯಿ ಬಿಡಲಾರದ ಕೆಲವರು ಪರೀಕ್ಷೆ ಮುಗಿದ ಮೇಲೆ ನನ್ನ ಬಳಿ ಬಂದು ಹೇಳಿಕೊಂಡು ಅತ್ತಿದ್ದಾರೆ.

ಗಂಡು ಹೆಣ್ಣಿನ ನಡುವಿನ ಗೆರೆ ದಾಟುವುದನ್ನು ನಮ್ಮ ಸೀಮೆ ಕಾಣದೆ ಇಲ್ಲ. ತಿಗಳ ಸಮುದಾಯದ ಕರಗದಲ್ಲಿ ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಡಿದು ದ್ರೌಪದಿಯ ಶಕ್ತಿಯನ್ನು ಹೊತ್ತು ಬರುವವರು ಗಂಡಸರೇ. ಅವರ ಮುಂದೆ ಎಲ್ಲ ಜಾತಿಯವರೂ ಕೈಮುಗಿದು ನಿಲ್ಲುತ್ತಾರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ನಾಡಿನಾದ್ಯಂತ ಹೆಸರು ಮಾಡಿದ ನಾಟಕ ಕಂಪನಿಯಲ್ಲಿ ಮೊದಮೊದಲು ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿಯೂ ಹಾಗೆಯೇ ನಡೆದುಬಂದಿತ್ತು. ಕರಗ ಹೊರುವವರು ಸಂಸಾರಸ್ಥರು, ನಾಟಕದವರು ಕಲಾವಿದರು. ಅವರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಒಂದೇ ಎನ್ನುವುದು ಇಬ್ಬರಿಗೂ ಮಾಡುವ ಅನ್ಯಾಯವೆಂದು ಬಲ್ಲೆ. ಆದರೆ ಸೀರೆಯುಟ್ಟ ಗಂಡನ್ನು ಕಂಡು ನಮ್ಮ ಜನ ಬೆಚ್ಚುವುದಿಲ್ಲ ಎಂಬುದಂತೂ ಸ್ಪಷ್ಟ. ಹೊಸ ಅಂಗಡಿಯ ಪೂಜೆಗೆ ಮಂಗಳಮುಖಿಯರು ಬಂದು ಹರಸಿದರೆ ಒಳ್ಳೆಯದಾಗುತ್ತದೆಂದು ನಂಬಿ ದಕ್ಷಿಣೆ ಕೊಡುವ ವರ್ತಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ಹರಸಿದವರೇ ಮರುವಾರ ಬಂದು "ನಾನು ಪಿಯುಸಿ ಓದಿದ್ದೇನೆ, ಲೆಕ್ಕ ಬರೆಯುವ ಕೆಲಸ ಕೊಡಿ" ಎಂದು ಕೇಳಿದರೆ ಕೊಡುವವರು ಎಷ್ಟು ಮಂದಿ? ಹರಕೆ, ಹಾರೈಕೆ, ವೇಷಗಳ ಮಟ್ಟಿಗೆ ಎಲ್ಲ ಸಮುದಾಯಗಳೂ ಉದಾರವಾಗಿವೆ. ನೆರೆಮನೆಯವರಾಗಿ, ಸಹೋದ್ಯೋಗಿಗಳಾಗಿ, ಮಕ್ಕಳಾಗಿ ಬಾಳುತ್ತೇವೆಂದು ಅವರು ಕೇಳಿದಾಗ ಬಾಗಿಲು ಮುಚ್ಚುತ್ತದೆ.

ಬಾಡಿಗೆ ಮನೆಯನ್ನೇ ನೋಡಿ. ಮನೆ ಕೇಳಲು ಹೋದವರನ್ನು ಮೊದಲು "ನೀವು ಯಾವ ಜನ?" ಎಂದು ವಿಚಾರಿಸುವ ಊರು ನಮ್ಮದು. ಆ ಪ್ರಶ್ನೆಗೆ ಒಂದು ಜಾತಿಯವರಿಗೆ ಒಂದು ಬೀದಿಯಲ್ಲಾದರೂ ಸರಿಯಾದ ಉತ್ತರ ಇರುತ್ತದೆ. ಟ್ರಾನ್ಸ್‌ಜೆಂಡರ್ ಮಹಿಳೆಗೆ ತನ್ನದೇ ಜಾತಿಯವರ ಬೀದಿಯಲ್ಲಿಯೂ ಮನೆ ಸಿಗುವುದಿಲ್ಲ. ಕೊನೆಗೆ ಹೆಚ್ಚು ಬಾಡಿಗೆ ತೆತ್ತು, ಯಾವಾಗ ಖಾಲಿ ಮಾಡಿಸುತ್ತಾರೋ ಎಂಬ ಭಯದಲ್ಲಿ ನಾಲ್ಕೈದು ಜನ ಒಂದೇ ಕೋಣೆಯಲ್ಲಿ ಇರಬೇಕಾಗುತ್ತದೆ. ಜಾತಿ ಧರ್ಮ ಕೇಳದ ಮನೆಗಳನ್ನು ಕಟ್ಟಿಕೊಂಡವರೂ ಅವರೇ: ಹಿಜ್ರಾ ಸಮುದಾಯದ ಗುರು ಚೇಲಾ ಪರಂಪರೆಯಲ್ಲಿ ಮುಸ್ಲಿಂ ಗುರುವಿನ ಮನೆಯಲ್ಲಿ ಹಿಂದೂ ಚೇಲಾಗಳು ಬಾಳುವುದು ಸಾಮಾನ್ಯ.

ಸಮುದಾಯಗಳ ನಡುವೆ ವ್ಯತ್ಯಾಸವೇ ಇಲ್ಲವೆಂದಲ್ಲ. ಹೊಲ, ತೋಟ, ಮನೆತನದ ಹೆಸರು ಇರುವ ಕುಟುಂಬಗಳಲ್ಲಿ ಜಗಳ ಕೇಳಿಸುವುದಿಲ್ಲ. ಸದ್ದಿಲ್ಲದೆ ಮದುವೆ ಗೊತ್ತುಮಾಡಿಬಿಡುತ್ತಾರೆ. ಕೂಲಿ ಮಾಡಿ ಬದುಕುವ ಮನೆಗಳಲ್ಲಿ ಬೈಗುಳ, ಹೊಡೆತ ಎಲ್ಲ ಬೀದಿಗೆ ಕೇಳುವಂತೆ ನಡೆದರೂ ವರ್ಷ ಕಳೆದ ಮೇಲೆ ತಾಯಿ ಮಗುವನ್ನು ಒಳಗೆ ಕರೆದುಕೊಂಡದ್ದನ್ನು ನಾನು ಹೆಚ್ಚಾಗಿ ಕಂಡದ್ದು ಇಂಥ ಕಡೆಯೇ. ಮುಸ್ಲಿಂ ಸಮಾಜದಲ್ಲಿ ಹಿಜ್ರಾಗಳಿಗೆ ಹಿಂದಿನಿಂದಲೂ ಒಂದು ಗುರುತು ಉಂಟು, ಆದರೆ ಗಂಡು ಗಂಡನ್ನು ಪ್ರೀತಿಸುವ ಮಾತಿಗೆ ಅಲ್ಲಿಯೂ ಜಾಗವಿಲ್ಲ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯೊಂದಿಗೆ ವ್ಯಾಟಿಕನ್, ಸಲಿಂಗ ಜೋಡಿಗಳನ್ನು ಮದುವೆಯ ವಿಧಿಯಾಗದಂತೆ ಆಶೀರ್ವದಿಸಬಹುದೆಂದು ಹೇಳಿತು. ನಮ್ಮ ಕ್ರೈಸ್ತ ಮನೆಗಳಲ್ಲಿ ಅದರ ಚರ್ಚೆ ನಾನು ಕೇಳಿಲ್ಲ. ಇದೆಲ್ಲ ಸಮೀಕ್ಷೆಯ ಮಾತಲ್ಲ, ನಾನು ಹೊಕ್ಕು ಬಂದ ಮನೆಗಳ ಮಾತು.

ನನ್ನನ್ನು ಅತಿ ಹೆಚ್ಚು ನೋಯಿಸುವುದು ಮದುವೆಯ ವಿಷಯ. ಮಂಗಳಮುಖಿಯರು ಕಣ್ಣಿಗಾದರೂ ಕಾಣುತ್ತಾರೆ, ಅವರ ಕಷ್ಟ ಒಮ್ಮೊಮ್ಮೆಯಾದರೂ ಸುದ್ದಿಯಾಗುತ್ತದೆ. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅವರು ಬಾಯಿ ಬಿಡುವ ಮೊದಲೇ ವಧೂವರರ ಸಮಾವೇಶದ ಪುಸ್ತಕದಲ್ಲಿ ಅವರ ಫೋಟೊ ಅಚ್ಚಾಗಿರುತ್ತದೆ. ಗಂಡುಮಕ್ಕಳಿಗೆ ಬೆಂಗಳೂರಿನ ಬೆಳಗಿನ ರೈಲಾದರೂ ಇದೆ. ಎಪ್ಪತ್ತು ಕಿಲೊಮೀಟರ್ ಆಚೆ ತಾವು ತಾವಾಗಿದ್ದು, ಊರಿಗೆ ಬಂದಾಗ ಬೇರೆಯವರಾಗುತ್ತಾರೆ. ಮದುವೆಯಾದರೆ ಸರಿಹೋಗುತ್ತಾನೆಂದು ನಂಬಿಸಿ ಮಾಡಿಸಿದ ಮದುವೆಯಲ್ಲಿ ಅವನ ಬದುಕಿನೊಡನೆ ಏನೂ ತಿಳಿಯದ ಇನ್ನೊಂದು ಮನೆಯ ಮಗಳ ಬದುಕೂ ಹಾಳಾಗುತ್ತದೆ. "ನನ್ನಲ್ಲಿ ಏನು ಕೊರತೆ?" ಎಂದು ವರ್ಷಗಟ್ಟಲೆ ತನ್ನನ್ನೇ ಕೇಳಿಕೊಳ್ಳುವ ಅಂಥ ಹೆಂಡತಿಯರೂ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಇದ್ದಾರೆ. ಕೆಲವು ಹೆತ್ತವರು ಮಂತ್ರವಾದಿಯ ಬಳಿಗೆ, ಕೆಲವರು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಹೀಗೆ "ಬದಲಾಯಿಸುವ" ಚಿಕಿತ್ಸೆ ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ಹೇಳಿದೆ ಎಂಬುದನ್ನು ಪ್ರತಿ ತಂದೆತಾಯಿ ತಿಳಿಯಬೇಕು.

ಕಾನೂನು ಇವರ ಕೈಬಿಟ್ಟಿಲ್ಲ. ತೃತೀಯ ಲಿಂಗಕ್ಕೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟದ್ದು 2014ರ ಏಪ್ರಿಲ್‌ನಲ್ಲಿ. ವಯಸ್ಕರ ಸಲಿಂಗ ಪ್ರೇಮ ಅಪರಾಧವಲ್ಲವೆಂದು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 2023ರಲ್ಲಿ ಮದುವೆಯ ಹಕ್ಕನ್ನು ಕೋರ್ಟ್ ಒಪ್ಪಲಿಲ್ಲವಾದರೂ, ಮರುವರ್ಷ ಕೇಂದ್ರ ಸರ್ಕಾರ ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಪಡಿತರ ಚೀಟಿಗೆ ಅವರನ್ನು ಒಂದೇ ಕುಟುಂಬವೆಂದು ಎಣಿಸಬೇಕು ಎಂದು ಸ್ಪಷ್ಟಪಡಿಸಿತು. ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿಯನ್ನು 2021ರಲ್ಲಿ ಮೊದಲು ತಂದ ರಾಜ್ಯ ನಮ್ಮದೇ. ಶಕ್ತಿ ಯೋಜನೆಯ ಬಸ್ಸಿನಲ್ಲಿಯೂ ಅವರಿಗೆ ಉಚಿತ ಪ್ರಯಾಣವಿದೆ. ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಆದರೆ ಆ ಕಲಮನ್ನು ಹಿಡಿದು ಅಪ್ಪನ ವಿರುದ್ಧ ಕಚೇರಿಯ ಮೆಟ್ಟಿಲು ಹತ್ತುವ ಹದಿನಾರರ ಮಗುವನ್ನು ನಾನು ಕಂಡಿಲ್ಲ. ಆ ಅಪ್ಪ ತಹಶೀಲ್ದಾರರ ಮಾತಿಗಿಂತ ತನ್ನ ಕುಲದ ಹಿರಿಯರ, ಸ್ವಾಮಿಗಳ, ಮೌಲ್ವಿಗಳ, ಪಾದ್ರಿಗಳ ಮಾತಿಗೆ ತಲೆಬಾಗುವವನು.

ಆದ್ದರಿಂದ ನನ್ನ ಮನವಿ ಆ ಹಿರಿಯರಿಗೇ. ತುಮಕೂರು ಸಮುದಾಯಗಳು ಕಟ್ಟಿದ ವಿದ್ಯಾರ್ಥಿನಿಲಯಗಳ ಊರು. ಹಳ್ಳಿಯ ಬಡ ಮಕ್ಕಳು ನೂರಾರು ಜನ ಅಲ್ಲಿ ಉಂಡು, ಓದಿ ದೊಡ್ಡವರಾಗಿದ್ದಾರೆ. ಸಿದ್ಧಗಂಗೆಯ ದಾಸೋಹದಲ್ಲಿ ಜಾತಿ ಕೇಳದೆ ಅನ್ನ ಬಡಿಸಿದ ಪರಂಪರೆ ನಮ್ಮ ಕಣ್ಣೆದುರೇ ಇದೆ. ನಡೆ ನುಡಿ ಬೇರೆಯೆಂಬ ಕಾರಣಕ್ಕೆ ಯಾವ ವಿದ್ಯಾರ್ಥಿಯನ್ನೂ ಹೊರಹಾಕುವುದಿಲ್ಲ, ಅವರನ್ನು ಹೀಯಾಳಿಸಿದವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು ಪ್ರತಿ ಸಂಘವೂ ತನ್ನ ವಿದ್ಯಾರ್ಥಿನಿಲಯದ ನಿಯಮಗಳಲ್ಲಿ ಬರೆಯಲಿ. ಹುಡುಗ ಅಥವಾ ಹುಡುಗಿ ತಾನೇ ಒಪ್ಪಿದ್ದೇನೆಂದು ಪ್ರತ್ಯೇಕವಾಗಿ ಹೇಳದ ಹೊರತು ವಧೂವರರ ಸಮಾವೇಶದಲ್ಲಿ ಹೆಸರು ನೋಂದಾಯಿಸುವುದು ನಿಲ್ಲಲಿ. ಸಮುದಾಯದ ರುದ್ರಭೂಮಿ, ಖಬರಸ್ತಾನಗಳಲ್ಲಿ ಮನೆಯವರು ಬಾರದಿದ್ದರೂ ಗುರು, ಗೆಳತಿ, ಸಂಗಾತಿಗಳು ಅಂತ್ಯಕ್ರಿಯೆ ನಡೆಸಲು ಅವಕಾಶವಿರಲಿ. ಇವುಗಳಿಗೆ ಸರ್ಕಾರದ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು. ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ಮಂಡಿಸುವಂತೆ ಎಲ್ಲ ಸಂಘಗಳ ಅಧ್ಯಕ್ಷರನ್ನೂ ಕೇಳಿಕೊಳ್ಳುತ್ತೇನೆ. ಯಾವ ಸಂಘ ನಿರ್ಣಯ ಮಾಡಿತೆಂಬುದನ್ನು ತಮ್ಮ ಜಿಲ್ಲಾ ಪುಟದಲ್ಲಿ ಹೆಸರು ಸಹಿತ ಪ್ರಕಟಿಸಬೇಕೆಂದು ತಮ್ಮಲ್ಲಿಯೂ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಉಪನ್ಯಾಸಕಿ, ತುಮಕೂರು