ಯುಗಾದಿ ಹೊತ್ತಿಗೆ ಮನೆ ಮಾರುವವರಿಗೆ

ಎಲ್ಲರಿಗೂ ನಮಸ್ಕಾರ. ಯುಗಾದಿ ಆಸುಪಾಸಿನಲ್ಲಿ ಮನೆ ಮಾರಬೇಕು ಅಂತಿರುವವರು ಈಗಲೇ ತಯಾರಿ ಶುರು ಮಾಡಿ. ಆಷಾಢ ಬಂತೆಂದರೆ ಕೊಳ್ಳುವವರು ಹಿಂದೇಟು ಹಾಕುತ್ತಾರೆ, ಗೊತ್ತಲ್ವಾ.

ಮೊದಲು ಕಾಗದಪತ್ರ. ನಗರದಲ್ಲಿ ಇ-ಖಾತಾ (ಪಾಲಿಕೆ ಕೊಡುವ, ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಅದರಲ್ಲಿರುವ ಹೆಸರು, ಅಳತೆ ಕ್ರಯಪತ್ರದ ಜೊತೆ ಹೊಂದುತ್ತವೆಯೇ ನೋಡಿ. ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ) ತೆಗೆಸಿ. ಸಾಲ ತೀರಿದ್ದರೂ ಅಡಮಾನ ಅದರಲ್ಲಿ ಹಾಗೇ ಉಳಿದಿರುವುದುಂಟು. ನಮಗೆ ಹೀಗೇ ಆಗಿ, ಒಪ್ಪಿದ್ದ ಗಿರಾಕಿ ಕೈತಪ್ಪಿದರು. ಆ ಬೇಜಾರು ಇನ್ನೂ ಹೋಗಿಲ್ಲ.

ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಸುಣ್ಣಬಣ್ಣ. ಕಲೆ ಮುಚ್ಚಿ ಮಾರುವುದು ಸರಿಯಲ್ಲ. ಸುಮ್ನೆ ಲಕ್ಷಗಟ್ಟಲೆ ಸುರಿದು ಅಡುಗೆಮನೆ ಬದಲಿಸಬೇಡಿ. ಹಳೆ ಮನೆಗೆ ಸೈಟಿನ ಬೆಲೆಯೇ ಜಾಸ್ತಿ ತೂಗುತ್ತದೆ.

ಜಾಹೀರಾತಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಅಷ್ಟೇ. ನಿಮ್ಮ ಬೀದಿಯಲ್ಲಿ ಈಚೆಗೆ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ, ಅದರ ಹತ್ತಿರವೇ ಬೆಲೆ ಹೇಳಿ. ತುಂಬಾ ಏರಿಸಿ ಹೇಳಿದ ಮನೆ ತಿಂಗಳುಗಟ್ಟಲೆ ಹಾಗೇ ಉಳಿದರೆ ಜನ ಏನೋ ದೋಷ ಇದೆ ಅಂದುಕೊಳ್ಳುತ್ತಾರೆ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕವೇ ಬೇರೆ, ಮುಂಗಡ ತೆಗೆದುಕೊಳ್ಳುವ ಮೊದಲೇ ಆಡಿಟರ್ ಹತ್ತಿರ ಮಾತಾಡಿ.