ಭಾನುವಾರದ ಮಾತುಕತೆ: ಡ್ರ್ಯಾಗನ್‌ಬಾರ್ನ್ ಮತ್ತು ಹಾಕ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ಗುಂಪಿನ ಕಾಲ್ ಇದೆ. ಈ ಸಲ ಎರಡು ವಿಡಿಯೋ ಗೇಮ್: ಸ್ಕೈರಿಮ್, ಡ್ರ್ಯಾಗನ್ ಏಜ್ 2. ಎರಡೂ ಬಂದಿದ್ದು 2011ರಲ್ಲೇ. ಆದರೆ ಹೀರೋಗಳು ಎಷ್ಟು ಬೇರೆ ಅಲ್ವಾ!

ಸ್ಕೈರಿಮ್‌ನಲ್ಲಿ ವೈಟ್‌ರನ್ ನಗರದ ಹೊರಗಿನ ಕಾವಲು ಗೋಪುರದ ಹತ್ತಿರ ಡ್ರ್ಯಾಗನ್ ಕೊಲ್ಲುತ್ತೇವೆ. ಅದರ ಆತ್ಮ ಬೆಳಕಾಗಿ ನಮ್ಮೊಳಗೆ ಸೇರುತ್ತದೆ. ಅಲ್ಲಿಂದ ನಾವು ಡ್ರ್ಯಾಗನ್‌ಬಾರ್ನ್, ವಿಧಿಯೇ ಆರಿಸಿದವರು. ಮೈ ಜುಮ್ಮೆನ್ನುತ್ತದೆ, ನಿಜ.

ಡ್ರ್ಯಾಗನ್ ಏಜ್ 2ರ ಹೀರೋ ಹಾಕ್‌ಗೆ ಅಂಥ ವರ ಯಾವುದೂ ಇಲ್ಲ. ಊರು ಬಿಟ್ಟು ಓಡುವಾಗ ಒಡಹುಟ್ಟಿದವರಲ್ಲಿ ಒಬ್ಬರು ಸಾಯುತ್ತಾರೆ. ಅಮ್ಮನ ಜೊತೆ ಕರ್ಕ್‌ವಾಲ್ ನಗರಕ್ಕೆ ಬಂದರೆ ವಲಸೆ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ಸೋದರಮಾವ ಗ್ಯಾಮ್ಲೆನ್ ಮನೆತನದ ದೊಡ್ಡ ಮನೆಯನ್ನೇ ಸಾಲಕ್ಕೆ ಕಳೆದುಕೊಂಡಿರುತ್ತಾನೆ. ನಗರದ ಒಳಗೆ ಹೋಗಬೇಕಾದರೆ ಬಾಡಿಗೆ ಸಿಪಾಯಿಗಳ ಜೊತೆಗೋ ಕಳ್ಳಸಾಗಣೆಯವರ ಜೊತೆಗೋ ಒಂದು ವರ್ಷ ದುಡಿಯಬೇಕು. ಆಮೇಲೆ ಡೀಪ್ ರೋಡ್ಸ್ ಎಂಬ ನೆಲದಡಿಯ ಹಳೇ ಸುರಂಗಗಳ ಯಾತ್ರೆಗೆ ಪಾಲು ಹಾಕಲು 50 ಚಿನ್ನದ ನಾಣ್ಯ ಕೂಡಿಸಬೇಕು. ಸಣ್ಣಪುಟ್ಟ ಕೆಲಸ ಮಾಡಿ, ಒಂದೊಂದೇ ನಾಣ್ಯ ಎಣಿಸಿದ್ದು ನನಗೆ ಇನ್ನೂ ನೆನಪಿದೆ. ಒಂದೇ ಗುಹೆ ಮತ್ತೆ ಮತ್ತೆ ಬರುತ್ತದೆ, ಅದು ಬೇಸರವೇ. ಆದರೂ ಅಮ್ಮನಿಗೆ ಆ ಮನೆ ವಾಪಸ್ ಸಿಕ್ಕಾಗ ಆದ ಖುಷಿ ಯಾವ ಡ್ರ್ಯಾಗನ್ ಕೊಂದಾಗಲೂ ಆಗಿಲ್ಲ.

ಡ್ರ್ಯಾಗನ್‌ಬಾರ್ನ್ ಪರ ಇರುವವರು ದಯವಿಟ್ಟು ಬನ್ನಿ, ನಿಮ್ಮ ಮಾತು ಕೇಳಲೇಬೇಕು. ನಿಮ್ಮ ಮನಸ್ಸಿಗೆ ನಾಟಿದ ಒಂದು ದೃಶ್ಯ ಯೋಚಿಸಿಕೊಂಡು ಬನ್ನಿ. ಡ್ರ್ಯಾಗನ್ ಏಜ್ 2 ಮುಗಿಸದವರು ಇದ್ದಾರೆ, ಕೊನೆ ಏನಾಗುತ್ತದೆ ಅಂತ ಇಲ್ಲಿ ಯಾರೂ ಹಾಕಬೇಡಿ.