ಪಾಸ್‌ವರ್ಡ್ ಅಳಿಸಿ, ಕಂಪ್ಯೂಟರ್ ಹಳೆಯದೆಂದು ಬರೆದು ಹೋದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
(ನಮ್ಮ ಮನೆಗೆ ಫೈಬರ್ ಇಂಟರ್‌ನೆಟ್ ಕೊಟ್ಟಿರುವ ಸಂಸ್ಥೆ)

ವಿಷಯ: ಓದಿ ತೆಗೆಯಬಹುದಾಗಿದ್ದ ವೈಫೈ ಪಾಸ್‌ವರ್ಡನ್ನು ನಿಮ್ಮ ಸಿಬ್ಬಂದಿ ಅಳಿಸಿಹಾಕಿದ್ದು, ಹಳೆಯ ಕಂಪ್ಯೂಟರಿಗೆ ಸಂಪರ್ಕ ಕೊಡದೆ ಹೋದದ್ದು, ಭೇಟಿ ಶುಲ್ಕ 350 ರೂಪಾಯಿ ವಾಪಸಾತಿ.

ಮಾನ್ಯರೆ,

ದೂರಿನ ಡಾಕೆಟ್ ಸಂಖ್ಯೆಯನ್ನು ಲಗತ್ತಿಸಿರುವ ರಸೀದಿಯ ಹಿಂಬದಿಯಲ್ಲಿ ಬರೆದಿದೆ. ಆ ದೂರನ್ನು ನಿಮ್ಮವರು 'ಸಮಸ್ಯೆ ಬಗೆಹರಿದಿದೆ' ಎಂದು ಮುಚ್ಚಿದ್ದಾರೆ. ಬಗೆಹರಿದಿಲ್ಲ. ಸೋಮವಾರ ಸಹಾಯವಾಣಿಗೆ ಕರೆ ಮಾಡಿದಾಗ ಇದ್ದದ್ದು ಒಂದೇ ತೊಂದರೆ: ಮನೆಗೆ ಹೊಸ ಫೋನ್ ಬಂದಿತ್ತು, ವೈಫೈ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಬುಧವಾರ ನಿಮ್ಮ ತಂತ್ರಜ್ಞರು ಬಂದು ಹೋಗುವ ಹೊತ್ತಿಗೆ ಕಂಪ್ಯೂಟರ್, ಟಿವಿ, ಪ್ರಿಂಟರ್, ಎರಡು ಕ್ಯಾಮೆರಾ ಎಲ್ಲವೂ ಇಂಟರ್‌ನೆಟ್ ಕಳೆದುಕೊಂಡಿದ್ದವು.

ಮೊದಲ ತಪ್ಪು ಫೋನಿನಲ್ಲೇ ಆಯಿತು. ನಿಮ್ಮ ಸಂಪರ್ಕದಲ್ಲಿ ಮೂರು ಬೇರೆ ಬೇರೆ ಪಾಸ್‌ವರ್ಡ್‌ಗಳಿವೆ. ಫೋನು, ಟಿವಿ ಕೇಳುವುದು ವೈಫೈ ಪಾಸ್‌ವರ್ಡ್. ರೌಟರಿನ ಸೆಟ್ಟಿಂಗ್ ಪುಟ ತೆರೆಯಲು ಅಡ್ಮಿನ್ ಪಾಸ್‌ವರ್ಡ್. ನಿಮ್ಮ ಜಾಲಕ್ಕೆ ಲಾಗಿನ್ ಆಗಲು ಪಿಪಿಪಿಒಇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್. ಮೊದಲನೆಯದು ಬೇಕು ಎಂದರೆ ಸಹಾಯವಾಣಿಯವರು ಮೂರನ್ನೂ ಒಂದೇ ಎಂದು ತಿಳಿದು, 'ಪಾಸ್‌ವರ್ಡ್ ತೆಗೆಯಲು ಆಗೋದೇ ಇಲ್ಲ ಸರ್, ಹಿಂದೆ ಸಣ್ಣ ತೂತಿದೆ, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ' ಎಂದರು. ಮನೆಯವರು ಒತ್ತಿದರು. ರೌಟರಿನ ಪಾನ್ ದೀಪ ಹಸಿರಾಗಿ ನಿಂತಿತು, ಎಲ್‌ಒಎಸ್ ದೀಪ ಕೆಂಪಾಗಲಿಲ್ಲ, ಅಂದರೆ ಫೈಬರ್ ಸರಿಯಾಗಿಯೇ ಇತ್ತು. ಆದರೆ ಇಂಟರ್‌ನೆಟ್ ದೀಪ ಮತ್ತೆ ಹತ್ತಲಿಲ್ಲ. ರೀಸೆಟ್ ಮಾಡಿದಾಗ ವೈಫೈ ಪಾಸ್‌ವರ್ಡಿನ ಜೊತೆಗೆ ಪಿಪಿಪಿಒಇ ವಿವರ, ವಿಲ್ಯಾನ್ ಸಂಖ್ಯೆ (ನಿಮ್ಮ ಜಾಲದಲ್ಲಿ ನಮ್ಮ ಸಂಪರ್ಕದ ದಾರಿ ಗುರುತಿಸುವ ಸಂಖ್ಯೆ) ಎರಡೂ ಅಳಿದುಹೋಗುತ್ತವೆ. ಅವೆರಡೂ ಗ್ರಾಹಕರ ಕೈಯಲ್ಲಿ ಇರುವುದಿಲ್ಲ, ನೀವು ಕೊಟ್ಟೇ ಇಲ್ಲ. ತಾವೇ ತುಂಬಬೇಕಾದ ವಿವರವನ್ನು ಗ್ರಾಹಕರ ಕೈಯಲ್ಲಿ ಅಳಿಸಿ, ಮತ್ತೆ ತುಂಬಲು ಬಂದದ್ದಕ್ಕೆ 350 ರೂಪಾಯಿ ಪಡೆದಿದ್ದೀರಿ.

ಕರೆ ಮಾಡಿದ ಆ ಹೊತ್ತಿನಲ್ಲಿ ಪಾಸ್‌ವರ್ಡ್ ಎರಡು ಕಡೆ ಸುರಕ್ಷಿತವಾಗಿತ್ತು.

ಒಂದು, ರೌಟರಿನ ಒಳಗೆ. ಎಲ್‌ಎಎನ್ ಕೇಬಲ್ ಒಂದನ್ನು ರೌಟರಿನಿಂದ ಕಂಪ್ಯೂಟರಿಗೆ ಚುಚ್ಚಿ, ಬ್ರೌಸರಿನಲ್ಲಿ 192.168.1.1 ಹೊಡೆದು, ರೌಟರಿನ ಅಡಿಯ ಚೀಟಿಯಲ್ಲಿರುವ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಟ್ಟರೆ ವೈರ್‌ಲೆಸ್ ಪುಟದಲ್ಲಿ ಅದು ಕಾಣುತ್ತಿತ್ತು. ಇದಕ್ಕೆ ವೈಫೈ ಬೇಡ, ಇಂಟರ್‌ನೆಟ್ ಕೂಡ ಬೇಡ.

ಇನ್ನೊಂದು, ನಿಮ್ಮವರು 'ಡಬ್ಬಾ' ಎಂದು ಕರೆದ ಅದೇ ವಿಂಡೋಸ್ 7 ಕಂಪ್ಯೂಟರಿನಲ್ಲಿ. ಕಂಟ್ರೋಲ್ ಪ್ಯಾನೆಲ್, ಅಲ್ಲಿಂದ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್, ಎಡಬದಿಯಲ್ಲಿ ಮ್ಯಾನೇಜ್ ವೈರ್‌ಲೆಸ್ ನೆಟ್‌ವರ್ಕ್ಸ್. ಪಟ್ಟಿಯಲ್ಲಿ ಮನೆಯ ವೈಫೈ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ ಟ್ಯಾಬ್, 'ಶೋ ಕ್ಯಾರೆಕ್ಟರ್ಸ್' ಚೌಕಕ್ಕೆ ಟಿಕ್. ಕಪ್ಪು ಚುಕ್ಕೆಗಳ ಜಾಗದಲ್ಲಿ ಅಕ್ಷರಗಳು ಬರುತ್ತವೆ. ಅಡ್ಮಿನಿಸ್ಟ್ರೇಟರ್ ಖಾತೆ ಇರಬೇಕು, ಅಷ್ಟೆ. ಒಂದು ನಿಮಿಷದ ಕೆಲಸ. ರೌಟರ್ ಆಫ್ ಆಗಿದ್ದರೂ, ರೀಸೆಟ್ ಆಗಿದ್ದರೂ ಇದು ನಡೆಯುತ್ತದೆ, ಏಕೆಂದರೆ ಕಂಪ್ಯೂಟರ್ ತನ್ನ ಪ್ರತಿಯನ್ನು ತಾನೇ ಇಟ್ಟುಕೊಂಡಿರುತ್ತದೆ. (ಫೋನುಗಳಲ್ಲಿ ಆ್ಯಂಡ್ರಾಯ್ಡ್ 10ರಿಂದ ಈಚಿನವು ಕ್ಯುಆರ್ ಕೋಡ್ ತೋರಿಸಿ ಹಂಚುತ್ತವೆ. ನಮ್ಮಲ್ಲಿ ಹಳೆ ಫೋನು ಆಗಲೇ ಕೈಬಿಟ್ಟಿತ್ತು.)

ರೀಸೆಟ್ ಆದ ಮೇಲೆ ಎರಡರಲ್ಲಿ ರೌಟರಿನದು ಹೋಗಿ ಕಂಪ್ಯೂಟರಿನದು ಉಳಿಯಿತು. ಆಗಲೂ ಕೆಲಸ ಕೆಟ್ಟಿರಲಿಲ್ಲ. ಕಂಪ್ಯೂಟರಿನಿಂದ ಹಳೆ ಪಾಸ್‌ವರ್ಡ್ ಓದಿ, ರೌಟರಿಗೆ ಅದೇ ಹೆಸರು, ಅದೇ ಪಾಸ್‌ವರ್ಡ್, ಮೊದಲಿದ್ದ ಡಬ್ಲ್ಯುಪಿಎ2 ಎಇಎಸ್ ಭದ್ರತೆ (ವೈಫೈಗೆ ಬೀಗ ಹಾಕುವ ಒಂದು ವಿಧಾನ) ಕೊಟ್ಟಿದ್ದರೆ ಟಿವಿಯಿಂದ ಕ್ಯಾಮೆರಾದವರೆಗೆ ಎಲ್ಲವೂ ಯಾರೂ ಮುಟ್ಟದೆ ತಾವಾಗಿ ಸೇರಿಕೊಳ್ಳುತ್ತಿದ್ದವು. ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ, ನಡುವಿನ ಸ್ಪೇಸ್ ಕೂಡ ಮೊದಲಿನಂತೆಯೇ ಇರಬೇಕು ಎನ್ನುವುದೊಂದೇ ಎಚ್ಚರ.

ತಂತ್ರಜ್ಞರು ಮಾಡಿದ್ದು ಬೇರೆ. ರೌಟರಿನ ಎರಡು ತರಂಗ ಪಟ್ಟಿಗಳಾದ 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು, ಚಾನೆಲ್ (ಆ ಪಟ್ಟಿಯೊಳಗಿನ ದಾರಿ) ಆಟೋ, ಭದ್ರತೆ ಇನ್ನೂ ಹೊಸದಾದ ಡಬ್ಲ್ಯುಪಿಎ3 ಮಾತ್ರ. ಪಾಸ್‌ವರ್ಡ್ ಜಾಗಕ್ಕೆ ಗ್ರಾಹಕರ ಮೊಬೈಲ್ ನಂಬರ್. ಅದೇ ನಂಬರ್ ಗೇಟಿನ ಮೇಲಿನ 'ಇಲ್ಲಿ ಡಿಟಿಪಿ ಮಾಡಿಕೊಡಲಾಗುವುದು' ಬೋರ್ಡಿನಲ್ಲೂ ಇದೆ. ಹೊಸ ಫೋನು ಸೇರಿಕೊಂಡಿತು. ಕಂಪ್ಯೂಟರಿನಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳೆಲ್ಲ ಕಂಡವು, ನಮ್ಮದು ಕಾಣಲಿಲ್ಲ. ಆಟೋ ಚಾನೆಲ್ ಆಗ 13ರಲ್ಲಿ ಕೂತಿತ್ತು. ಭಾರತದಲ್ಲಿ 1ರಿಂದ 13ರವರೆಗೆ ಬಳಸಬಹುದು, ಆದರೆ ಅಮೆರಿಕದ ಮಾರುಕಟ್ಟೆಗೆಂದು ಹೊಂದಿಸಿದ, ನಮ್ಮ ಕಂಪ್ಯೂಟರಿಗೆ ಚುಚ್ಚಿರುವಂಥ ಹಳೆ ಯುಎಸ್‌ಬಿ ವೈಫೈ ಡಾಂಗಲ್‌ಗಳು 11ಕ್ಕೇ ನಿಲ್ಲುತ್ತವೆ. 12, 13 ಅವಕ್ಕೆ ಕಾಣುವುದೇ ಇಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದಾಗ ಚಾನೆಲ್ 6ಕ್ಕೆ ಬಂತು, ಹೆಸರು ಕಾಣಿಸಿತು. ತಂತ್ರಜ್ಞರು ಇದನ್ನು 'ಡಾಂಗಲ್ ಲೂಸ್ ಕಾಂಟ್ಯಾಕ್ಟ್' ಎಂದು ಚೀಟಿಯಲ್ಲಿ ಬರೆದಿದ್ದಾರೆ.

ಹೆಸರು ಕಂಡ ಮೇಲೆ ಕನೆಕ್ಟ್ ಒತ್ತಿದರೆ, ಕಂಪ್ಯೂಟರಿನಲ್ಲಿ ಉಳಿಸಿರುವ ಸೆಟ್ಟಿಂಗ್ ಈ ನೆಟ್‌ವರ್ಕಿಗೆ ಹೊಂದುತ್ತಿಲ್ಲ ಎಂಬ ಸಂದೇಶ ಬಂತು. ಅದರ ಅರ್ಥ ನೇರವಾಗಿದೆ: ಕಂಪ್ಯೂಟರಿನ ನೆನಪಿನಲ್ಲಿ ಡಬ್ಲ್ಯುಪಿಎ2 ಇದೆ, ರೌಟರ್ ಕೇಳುತ್ತಿರುವುದು ಡಬ್ಲ್ಯುಪಿಎ3. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಡಬ್ಲ್ಯುಪಿಎ3 ಕೊಟ್ಟೇ ಇಲ್ಲ. ಅದು ಶುರುವಾದದ್ದು ವಿಂಡೋಸ್ 10ರ 1903 ಆವೃತ್ತಿಯಿಂದ. ಹೀಗಾಗಿ ಸರಿಪಡಿಸಬೇಕಾಗಿದ್ದದ್ದು ರೌಟರಿನಲ್ಲಿ. ತಂತ್ರಜ್ಞರು ಕೈ ಹಾಕಿದ್ದು ಕಂಪ್ಯೂಟರಿಗೆ: ಅದೇ ಮ್ಯಾನೇಜ್ ವೈರ್‌ಲೆಸ್ ನೆಟ್‌ವರ್ಕ್ಸ್ ಪಟ್ಟಿ ತೆರೆದು, ಪಾಸ್‌ವರ್ಡ್ ಓದಬಹುದಾಗಿದ್ದ ಸಾಲಿನ ಮೇಲೆಯೇ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಬಿಟ್ಟು ರಿಮೂವ್ ಒತ್ತಿದರು. ಕೊನೆಯ ಪ್ರತಿ ಅಲ್ಲಿಗೆ ಹೋಯಿತು. ಟಿವಿಗೂ ಕ್ಯಾಮೆರಾಗಳಿಗೂ ಹಳೆ ಪಾಸ್‌ವರ್ಡ್ ಗೊತ್ತಿದೆ, ಆದರೆ ಅವು ಅದನ್ನು ತೋರಿಸುವುದಿಲ್ಲ. ಈಗ ಕ್ಯಾಮೆರಾ ಒಂದೊಂದಕ್ಕೂ ಏಣಿ ಹಾಕಿ ಹತ್ತಿ, ರೀಸೆಟ್ ಗುಂಡಿ ಒತ್ತಿ, ಫೋನಿನ ಕ್ಯುಆರ್ ಕೋಡ್ ಹಿಡಿದು ಮೊದಲಿನಿಂದ ಸೇರಿಸಬೇಕು.

ಹೊರಡುವಾಗ ಅವರು ಫೋನಿನ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಸೇರಿಸಿ ನೋಡಿದರು. ಸೇರಿತು. ಆದರೆ ಯಾವ ಸೈಟ್ ತೆರೆದರೂ ಸರ್ಟಿಫಿಕೇಟ್ ತಪ್ಪು ಎಂದು ಬಂತು. 'ಕಂಪ್ಯೂಟರೇ ಹೋಗಿದೆ, ಹೊಸದು ತಗೊಳ್ಳಿ' ಎಂದರು. ಮೂಲೆಯಲ್ಲಿ ತಾರೀಖು 1-1-2009 ಎಂದು ತೋರಿಸುತ್ತಿತ್ತು. ಮದರ್‌ಬೋರ್ಡಿನ ಸಿಆರ್2032 ಗುಂಡಿ ಸೆಲ್ ಸತ್ತರೆ, ಪ್ಲಗ್ ತೆಗೆದು ಹಾಕಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, 2009ರ ಲೆಕ್ಕದಲ್ಲಿ ಇಂದಿನ ಸರ್ಟಿಫಿಕೇಟುಗಳು ಇನ್ನೂ ಹುಟ್ಟಿರುವುದೇ ಇಲ್ಲ. ತಾರೀಖು ಸರಿಮಾಡಿದ ಕೂಡಲೇ ಸೈಟುಗಳು ತೆರೆದವು. ಸೆಲ್ಲನ್ನು ಮರುದಿನ ಬದಲಾಯಿಸಲಾಗಿದೆ. ಇದು ನಿಮ್ಮ ಹೊಣೆ ಎಂದು ಹೇಳುತ್ತಿಲ್ಲ. ಅದನ್ನೇ ನೆಪ ಮಾಡಿ ದೂರು ಮುಚ್ಚಿದ್ದಕ್ಕೆ ಆಕ್ಷೇಪ.

ಆ ಕಂಪ್ಯೂಟರ್ ಯಾಕೆ ಇನ್ನೂ ಬೇಕು ಎಂದು ನಿಮ್ಮವರು ಎರಡು ಬಾರಿ ಕೇಳಿದರು. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಪೇಜ್‌ಮೇಕರ್ ಎಂಬ ಹಳೆಯ ಪುಟ ವಿನ್ಯಾಸದ ತಂತ್ರಾಂಶದಲ್ಲಿ ಕಟ್ಟಿದ ಮದುವೆ ಪತ್ರಿಕೆ, ಬಿಲ್ ಬುಕ್, ಸಹಕಾರ ಸಂಘದ ವಾರ್ಷಿಕ ವರದಿಗಳು ಅದರಲ್ಲಿವೆ. ಡಿಟಿಪಿ ಮಾಡುವ ಯಾರನ್ನು ಕೇಳಿದರೂ ಇದೇ ಉತ್ತರ ಸಿಗುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ, ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು ಎನ್ನುವುದೂ ಗೊತ್ತಿದೆ. ಅದಕ್ಕೇ ಇಡೀ ಮನೆಯ ಭದ್ರತೆ ಇಳಿಸಿ ಎಂದು ಕೇಳುತ್ತಿಲ್ಲ. ನಿಮ್ಮ ರೌಟರಿನಲ್ಲೇ ಗೆಸ್ಟ್ ನೆಟ್‌ವರ್ಕ್ ಸೌಲಭ್ಯವಿದೆ. ಮುಖ್ಯ ವೈಫೈ ಡಬ್ಲ್ಯುಪಿಎ3ರಲ್ಲೇ ಇರಲಿ. ಗೆಸ್ಟ್ ನೆಟ್‌ವರ್ಕಿಗೆ ಬೇರೆ ಹೆಸರು, 2.4 ಗಿಗಾಹರ್ಟ್ಸ್ ಮಾತ್ರ, ಡಬ್ಲ್ಯುಪಿಎ2 ಎಇಎಸ್ ಕೊಡಿ. 2.4ರ ಚಾನೆಲ್ 1, 6, 11ರಲ್ಲಿ ಒಂದು, ಅಗಲ 20 ಮೆಗಾಹರ್ಟ್ಸ್ ಎಂದು ಕಟ್ಟಿ. ಡಬ್ಲ್ಯುಪಿಎ2 ಜೊತೆಗೆ ಟಿಕೆಐಪಿ (ಎಇಎಸ್‌ಗಿಂತ ಹಳೆಯ ಗೂಢಲಿಪಿ) ಆಯ್ಕೆ ಬೇಡ, ಅದನ್ನು ಇಟ್ಟರೆ ವೇಗ 54 ಎಂಬಿಪಿಎಸ್‌ಗೆ ಕುಸಿಯುತ್ತದೆ. ಈ ಡಾಂಗಲ್ 20 ಮೆಗಾಹರ್ಟ್ಸ್‌ನಲ್ಲಿ 72 ಎಂಬಿಪಿಎಸ್‌ವರೆಗೆ ಹಿಡಿಯುತ್ತದೆ, ಪುಟ ಕಳಿಸಲು ಧಾರಾಳ ಸಾಕು. ಇದನ್ನು ನಾವೇ ಮಾಡಿಕೊಳ್ಳಬಹುದಿತ್ತು. ಆದರೆ ನಿಮ್ಮ ತಂತ್ರಜ್ಞರು ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ, ಹೊಸದನ್ನು ಹೇಳದೆ ಹೋಗಿದ್ದಾರೆ.

ಆದ್ದರಿಂದ ಕೇಳುವುದು ಇಷ್ಟು. ಮೇಲಿನಂತೆ ಸೆಟ್ಟಿಂಗ್ ಮಾಡಲು ಎಲ್‌ಎಎನ್ ಕೇಬಲ್ ತರುವ ತಂತ್ರಜ್ಞರನ್ನು ಶುಲ್ಕವಿಲ್ಲದೆ ಕಳಿಸಿ. ಕ್ಯಾಮೆರಾ, ಟಿವಿ, ಪ್ರಿಂಟರ್ ಮರುಜೋಡಣೆ ಅವರದೇ ಕೆಲಸ. ಅಡ್ಮಿನ್ ಪಾಸ್‌ವರ್ಡ್ ಮತ್ತು ಪಿಪಿಪಿಒಇ ವಿವರಗಳನ್ನು ಬರಹದಲ್ಲಿ ಕೊಡಿ. 350 ರೂಪಾಯಿಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಿರಿ. ಸಹಾಯವಾಣಿಯವರು ರೀಸೆಟ್ ಒತ್ತಿಸುವ ಮುನ್ನ 'ಮನೆಯಲ್ಲಿ ಈ ವೈಫೈಗೆ ಈಗಲೂ ಸೇರಿರುವ ಕಂಪ್ಯೂಟರ್ ಇದೆಯಾ?' ಎಂಬ ಒಂದು ಪ್ರಶ್ನೆ ಕೇಳುವಂತೆ ಅವರ ಸ್ಕ್ರಿಪ್ಟಿನಲ್ಲಿ ಸೇರಿಸಿ. ಈಗ ಆ ಸಾಲು ಇಲ್ಲ, ಕರೆಯ ರೆಕಾರ್ಡಿಂಗ್ ನೀವೇ ಕೇಳಿ ನೋಡಬಹುದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ಗ್ರಾಹಕ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಮೇಲ್ಮನವಿಗೆ ನಮಗೆ 30 ದಿನವಿದೆ, ತೀರ್ಮಾನಿಸಲು ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ 39 ದಿನ. ಮೇಲ್ಮನವಿ ಬರೆದಿಟ್ಟಿದ್ದೇವೆ. ಬರುವ ಸೋಮವಾರದೊಳಗೆ ಉತ್ತರ ಬಾರದಿದ್ದರೆ ಮಂಗಳವಾರ ಸಲ್ಲಿಸುತ್ತೇವೆ.

ಇಂತಿ,
ನಿಮ್ಮ ಚಂದಾದಾರರು